ಹಳೆಯ ಗಣಕಯಂತ್ರದಲ್ಲಿ ಜಿಂಪ್ ನಿಧಾನವಾದಾಗ

ಬೋಧನಾಭ್ಯಾಸದ ಚಾರ್ಟು, ಮಿಂಚುಪಟ್ಟಿ, ದಾಖಲೆ ಪುಸ್ತಕಗಳಿಗೆ ಬೇಕಾದ ಛಾಯಾಚಿತ್ರಗಳನ್ನು ಕತ್ತರಿಸಲು, ಬೆಳಕು ಸರಿಪಡಿಸಲು, ಭಾಗಗಳಿಗೆ ಕನ್ನಡದಲ್ಲಿ ಹೆಸರು ಬರೆಯಲು ನಮ್ಮ ಪ್ರಶಿಕ್ಷಣಾರ್ಥಿಗಳು ಜಿಂಪ್ ಬಳಸುತ್ತಾರೆ. ಉಚಿತ ತಂತ್ರಾಂಶ, ಲೈಸೆನ್ಸಿನ ಗೋಜಿಲ್ಲ. ಆದರೆ 4 ಜಿಬಿ ರ್‍ಯಾಮ್‌ನ ಹಳೆಯ ಗಣಕದಲ್ಲಿ ದಾಸವಾಳದ ಚಿತ್ರವೊಂದರ ಹಿನ್ನೆಲೆ ಅಳಿಸುವಷ್ಟರಲ್ಲಿ ಪರದೆ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತದೆ. ಗಾಬರಿಯಿಂದ ಕಿಟಕಿ ಮುಚ್ಚಿದರೆ ಉಳಿಸದ ಕೆಲಸವೆಲ್ಲ ಹೋಯಿತು. ಇದು ಎರಡು ಮೂರು ಸಲ ಆದರೆ ‘ನನಗೆ ಕಂಪ್ಯೂಟರ್ ಬರುವುದಿಲ್ಲ’ ಎಂಬ ನಂಬಿಕೆ ಬೇರೂರುತ್ತದೆ. ಆ ನಂಬಿಕೆ ಮುಂದೆ ಆಕೆಯೊಂದಿಗೇ ಶಾಲೆಗೂ ಹೋಗುತ್ತದೆ. ಹೋದ ಚಿತ್ರಕ್ಕಿಂತ ಇದು ದೊಡ್ಡ ನಷ್ಟ.

ನೈದಾನಿಕ ಪರೀಕ್ಷೆ ಮಾಡದೆ ಪರಿಹಾರ ಬೋಧನೆಗೆ ಇಳಿಯಬಾರದೆಂದು ನಾವೇ ಕಲಿಸುತ್ತೇವೆ. ಗಣಕದ ವಿಷಯದಲ್ಲಿ ಮಾತ್ರ ನೇರವಾಗಿ ‘ಫಾರ್ಮ್ಯಾಟ್ ಮಾಡಿಸಿ’ ಎಂದುಬಿಡುತ್ತೇವೆ. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಕೆಲಸ ನಿಧಾನವೋ ಅದನ್ನೇ ಜಿಂಪ್‌ನಲ್ಲಿ ಮಾಡಿ ನೋಡಬೇಕು. ಮೆಮೊರಿ ತುಂಬುತ್ತ ಬಂದು, ಡಿಸ್ಕ್ 100 ಶೇಕಡಾಕ್ಕೆ ಏರಿ ಅಲ್ಲೇ ನಿಂತರೆ ರ್‍ಯಾಮ್ ಸಾಲುತ್ತಿಲ್ಲವೆಂದೇ ಬಹುಮಟ್ಟಿಗೆ ಅರ್ಥ. ರ್‍ಯಾಮ್‌ನಲ್ಲಿ ಹಿಡಿಸದ್ದನ್ನು ಗಣಕ ಹಾರ್ಡ್ ಡಿಸ್ಕಿನಲ್ಲಿ ಇಟ್ಟು ತೆಗೆದು ಮಾಡುತ್ತಿದೆ. ಡಿಸ್ಕು ರ್‍ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ಪ್ರೊಸೆಸರ್ ಮಾತ್ರ ಏರಿ, ಸ್ವಲ್ಪ ಹೊತ್ತಿಗೆ ಇಳಿದರೆ ಅದು ದುಡಿಯುತ್ತಿದೆ ಅಷ್ಟೆ, ಕಾಯಬೇಕು. ಎಲ್ಲವೂ ಶಾಂತವಾಗಿದ್ದು ಚಿತ್ರ ತೆರೆಯುವುದು, ಉಳಿಸುವುದು ಮಾತ್ರ ತಡವಾದರೆ ಕಡತ ಪೆನ್‌ಡ್ರೈವಿನಲ್ಲಿದೆಯೇ ನೋಡಿ. ಮೊದಲು ಗಣಕಕ್ಕೆ ನಕಲು ಮಾಡಿಕೊಂಡು ತೆರೆಯುವುದು ಒಳ್ಳೆಯದು.

‘ಕಡತ ಇರುವುದೇ 3 ಎಂಬಿ, ಅದಕ್ಕೆ 4 ಜಿಬಿ ಸಾಲದೇ?’ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ಇದಕ್ಕೆ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿ. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರವೆಂದರೆ 4000 × 3000, ಅಂದರೆ 1 ಕೋಟಿ 20 ಲಕ್ಷ ಚುಕ್ಕಿಗಳು. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟು. ಒಟ್ಟು 3.6 ಕೋಟಿ ಬೈಟು, ಸುಮಾರು 36 ಎಂಬಿ. ಜೆಪೆಗ್ ಕಡತ ಮಡಚಿಟ್ಟ ಸೀರೆಯ ಹಾಗೆ; ತಿದ್ದಬೇಕಾದರೆ ಪೂರ್ತಿ ಬಿಡಿಸಲೇಬೇಕು. ಚಿತ್ರದಷ್ಟೇ ದೊಡ್ಡ ಪದರಗಳು ಮೂರಾದರೆ 100 ಎಂಬಿ ದಾಟಿತು. ‘ಅನ್‌ಡೂ’ಗಾಗಿ ಹಿಂದಿನ ಸ್ಥಿತಿಗಳೂ ನೆನಪಿನಲ್ಲಿರುತ್ತವೆ. ಜೊತೆಗೆ ಬ್ರೌಸರಿನಲ್ಲಿ ಹತ್ತು ಪುಟ ತೆರೆದಿದ್ದರೆ ಕೇಳುವುದೇ ಬೇಡ.

ಹೀಗಾಗಿ ನನ್ನ ಮಟ್ಟಿಗೆ ಮೊದಲ ಮದ್ದು ಚಿತ್ರವನ್ನು ಕುಗ್ಗಿಸುವುದು, ಅದೂ ತಿದ್ದುವ ಮೊದಲೇ. ದಾಖಲೆ ಪುಸ್ತಕದಲ್ಲಿ 6 ಅಂಗುಲ ಅಗಲಕ್ಕೆ ಮುದ್ರಿಸಬೇಕೆಂದರೆ, ಅಂಗುಲಕ್ಕೆ 300 ಚುಕ್ಕಿಯಂತೆ 1800 ಚುಕ್ಕಿ ಸಾಕು. ಇಮೇಜ್ ಪಟ್ಟಿಯ ‘ಸ್ಕೇಲ್ ಇಮೇಜ್’ನಲ್ಲಿ ಅಗಲ 1800 ಎಂದು ಕೊಟ್ಟರೆ ಎತ್ತರ ತಾನಾಗಿ 1350 ಆಗುತ್ತದೆ. ಈಗ ಚಿತ್ರ ಸುಮಾರು 7 ಎಂಬಿ, ಮೊದಲಿನ ಐದನೆಯ ಒಂದು ಪಾಲು. ಮೂಲಚಿತ್ರವನ್ನು ಬೇರೆ ಹೆಸರಿನಲ್ಲಿ ಇಟ್ಟಿರಬೇಕು. ಕುಗ್ಗಿಸಿ ಉಳಿಸಿದ ಮೇಲೆ ಕಳೆದ ಚುಕ್ಕಿಗಳು ಮರಳವು.

ಇಷ್ಟಾದರೂ ತೊಂದರೆ ಇದ್ದರೆ ಎಡಿಟ್ ಪಟ್ಟಿಯ ಪ್ರಿಫರೆನ್ಸಸ್‌ನಲ್ಲಿ ‘ಸಿಸ್ಟಮ್ ರಿಸೋರ್ಸಸ್’ ನೋಡಿ. ಜಿಂಪ್ ಎಷ್ಟು ರ್‍ಯಾಮ್ ಬಳಸಿದ ಮೇಲೆ ಡಿಸ್ಕಿನ ಮೊರೆ ಹೋಗಬೇಕೆಂಬುದನ್ನು ಅಲ್ಲಿನ ‘ಟೈಲ್ ಕ್ಯಾಶ್’ ನಿರ್ಧರಿಸುತ್ತದೆ. ತೀರಾ ಕಡಿಮೆ ಇಟ್ಟರೆ ಜಿಂಪ್ ಏದುಸಿರು ಬಿಡುತ್ತದೆ, ತೀರಾ ಹೆಚ್ಚಿಟ್ಟರೆ ಇಡೀ ಗಣಕವೇ. 4 ಜಿಬಿ ಯಂತ್ರದಲ್ಲಿ 1 ಜಿಬಿಯಿಂದ ಆರಂಭಿಸಿ ನೋಡಬಹುದು. ಸಿ ಡ್ರೈವ್ ತುಂಬಿದ್ದರೆ ‘ಫೋಲ್ಡರ್ಸ್’ನಲ್ಲಿ ಸ್ವಾಪ್ ಜಾಗವನ್ನು ಡಿ ಡ್ರೈವಿಗೆ ಬದಲಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಅದೇ ಚಿತ್ರ, ಅದೇ ಮಸುಕು ಪರಿಣಾಮ. ಒಬ್ಬರು ಗಣಕದ ಮುಂದೆ, ಇನ್ನೊಬ್ಬರು ಮೊಬೈಲಿನ ಗಡಿಯಾರ ಹಿಡಿದು ಸೆಕೆಂಡುಗಳನ್ನು ಬರೆದುಕೊಳ್ಳಲಿ. ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ಚರಾಂಶ ನಿಯಂತ್ರಣ ಕಲಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಸಿಗದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಫ್ಯಾನಿನ ದೂಳನ್ನೂ ಲೆಕ್ಕಕ್ಕೆ ಸೇರಿಸಿ. ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲಷ್ಟೇ ಒಳಗೆ ಬ್ರಷ್ ಆಡಿಸಬೇಕು.

ಕೊನೆಗೂ ರ್‍ಯಾಮ್ ಕೊಳ್ಳಬೇಕಾಗಿ ಬಂದರೆ, ಕೊಟೇಶನ್ ಕರೆಯುವ ಮೊದಲು ಎರಡು ಸಂಗತಿ ಬರೆದಿಟ್ಟುಕೊಳ್ಳಿ. ಯಂತ್ರ ಡಿಡಿಆರ್3 ಬೇಡುತ್ತದೆಯೋ ಡಿಡಿಆರ್4 ಬೇಡುತ್ತದೆಯೋ; ಒಂದರ ಜಾಗದಲ್ಲಿ ಇನ್ನೊಂದು ಕೂರದು. ಎರಡನೆಯದು, ಅದರಲ್ಲಿರುವ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ. 32 ಬಿಟ್‌ನ ವಿಂಡೋಸ್ 10 ಇದ್ದರೆ 8 ಜಿಬಿ ಹಾಕಿಸಿದರೂ ಅದು 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ.