ದಾಸವಾಳ ಬ್ಯಾಕ್ಟೀರಿಯಾ ಕೊಂದಿತು, ಸರಿ. ಎಲ್ಲಿ?

ಶಿವಮೊಗ್ಗ-ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಅಂದ್ರೆ ಕೈಗಾರಿಕಾ ಪ್ರದೇಶ ನೆನಪಾಗುತ್ತೆ. ಆದರೆ ಈ ಸೀಮೆಯ ಮನೆಗಳ ಕಾಂಪೌಂಡಿನಾಚೆ ಬಗ್ಗಿರೋದು ಕೆಂಪು ದಾಸವಾಳ. ಅದೇ ಹೂವು ಈಗ ಶಾಂಪೂ, ಫೇಸ್‌ಪ್ಯಾಕ್, ಟೀ ಪ್ಯಾಕೆಟ್ಟಿನ ಮೇಲೆ ‘ಆಂಟಿಆಕ್ಸಿಡೆಂಟ್’, ‘ಆಂಟಿಬ್ಯಾಕ್ಟೀರಿಯಲ್’ ಅನ್ನೋ ಬಿರುದು ಹೊತ್ತು ಮನೆಗೆ ವಾಪಸ್ ಬರ್ತಿದೆ. (ಟೀಯಲ್ಲಿರೋದು ಸಾಮಾನ್ಯವಾಗಿ ಅದರ ನೆಂಟ ರೋಸೆಲ್. ಅದೂ ಎಸಳಲ್ಲ, ಹೂವನ್ನು ಹಿಡಿದಿರೋ ಕೆಂಪು ಬುಡ.)

ಬಿರುದು ಪೂರ್ತಿ ಸುಳ್ಳಲ್ಲ. ಅದನ್ನು ಕೊಟ್ಟ ಪರೀಕ್ಷೆ ಯಾವುದು ಅಂತ ನೋಡಬೇಕು, ಅಷ್ಟೇ.

ಎಸಳು ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸೋಸಿದರೆ ಸಾರ ಸಿಗುತ್ತೆ. ಎಸಳಿಗೆ ಕೆಂಪು ಕೊಡೋ ಆಂಥೋಸಯನಿನ್ ಅದರಲ್ಲೇ ಇರೋದು. ಅದನ್ನು ಡಿಪಿಪಿಎಚ್ ಅನ್ನೋ ನೇರಳೆ ದ್ರಾವಣಕ್ಕೆ ಹಾಕಿ ಅರ್ಧ ಗಂಟೆ ಕತ್ತಲಲ್ಲಿಟ್ಟರೆ ಬಣ್ಣ ಹಳದಿಗೆ ತಿರುಗುತ್ತೆ. ಎಷ್ಟು ತಿರುಗಿತೋ ಅಷ್ಟು ‘ಆಂಟಿಆಕ್ಸಿಡೆಂಟ್ ಶಕ್ತಿ’. ಆದರೆ ಡಿಪಿಪಿಎಚ್ ನಮ್ಮ ದೇಹದಲ್ಲಿ ಎಲ್ಲೂ ಇಲ್ಲ. ಕುಡಿದ ಆಂಥೋಸಯನಿನ್ನಿನಲ್ಲಿ ರಕ್ತಕ್ಕೆ ಸೇರೋದೂ ತೀರಾ ಸ್ವಲ್ಪ. ಇಂಥದ್ದೇ ಟೆಸ್ಟ್‌ಟ್ಯೂಬ್ ಅಂಕಿಗಳ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ವೆಬ್‌ಸೈಟಿನಿಂದ ತೆಗೆದುಹಾಕಿತು. ಮನುಷ್ಯರ ಆರೋಗ್ಯಕ್ಕೂ ಆ ಅಂಕಿಗಳಿಗೂ ಸಂಬಂಧ ತೋರಿಸಲು ಆಗಿರಲಿಲ್ಲ, ಕಂಪನಿಗಳು ಮಾತ್ರ ಜಾಹೀರಾತಿಗೆ ಬಳಸ್ತಿದ್ದವು. ಇನ್ನೊಂದು ಕಡೆ, 1994ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಪ್ರಯೋಗದಲ್ಲಿ ಬೀಟಾ ಕ್ಯಾರೋಟೀನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗೋದಿರಲಿ, ಹೆಚ್ಚಾಗಿತ್ತು. ಅದೂ ಆಂಟಿಆಕ್ಸಿಡೆಂಟೇ.

ಬ್ಯಾಕ್ಟೀರಿಯಾ ಪರೀಕ್ಷೆಯೂ ಸರಳ. ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಚಿಕ್ಕ ಗುಳಿ ಕೊರೆದು ಸಾರ ಹಾಕ್ತಾರೆ. ಮರುದಿನ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೀತಾರೆ. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಪಕ್ಕದ ಗುಳಿಗೆ ಬರೀ ಮೆಥನಾಲ್ ಹಾಕಿ ನೋಡಿದ್ರಾ? ಮೆಥನಾಲೇ ಬ್ಯಾಕ್ಟೀರಿಯಾ ಕೊಲ್ಲಬಲ್ಲದು. ಎರಡನೇದು, ಬ್ಯಾಕ್ಟೀರಿಯಾ ತಡೆಯೋಕೆ ಕನಿಷ್ಠ ಎಷ್ಟು ಬೇಕು? ಆಂಟಿಬಯೋಟಿಕ್‌ಗಳ ಲೆಕ್ಕ ಸಾಮಾನ್ಯವಾಗಿ ಮೈಕ್ರೋಗ್ರಾಮಿನಲ್ಲಿ, ಇಂಥ ಕಚ್ಚಾ ಸಾರದ ಲೆಕ್ಕ ಬಹಳ ಸಲ ಮಿಲಿಗ್ರಾಮಿನಲ್ಲಿ. ಅಂದ್ರೆ ಸಾವಿರ ಪಟ್ಟು ಅಂತರ. ಅಷ್ಟು ಸಾರ ರಕ್ತದಲ್ಲಿ ತುಂಬಿಸೋಕಾಗಲ್ಲ.

ಹಾಗಂತ ಈ ಸಂಶೋಧನೆ ದಂಡ ಅಲ್ಲ. ಮಲೇರಿಯಾದ ಆರ್ಟೆಮಿಸಿನಿನ್ ಸಿಕ್ಕಿದ್ದು ಗಿಡದಿಂದಲೇ, ತೂ ಯೂಯೂಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅಲ್ಲಿ ಸಾರದಿಂದ ಶುದ್ಧ ಅಣು ಬೇರ್ಪಡಿಸಿದ್ರು, ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷಿಸಿದ್ರು. ಪ್ಯಾಕೆಟ್ಟಿನವರು ಮೊದಲ ಮೆಟ್ಟಿಲಿನಿಂದ ನೇರ ಅಂಗಡಿಗೆ ಹಾರ್ತಾರೆ.

ಕಾನೂನು ಇಲ್ವಾ? ಇದೆ. ಪಟ್ಟಿ ಮಾಡಿದ ರೋಗಗಳನ್ನು ವಾಸಿ ಮಾಡ್ತೀವಿ ಅನ್ನೋ ಜಾಹೀರಾತನ್ನು 1954ರ ಕಾಯ್ದೆ ನಿಷೇಧಿಸುತ್ತೆ. 2024ರಲ್ಲಿ ಸುಪ್ರೀಂ ಕೋರ್ಟ್ ಪತಂಜಲಿಯನ್ನು ತರಾಟೆಗೆ ತಗೊಂಡಿದ್ದು ಇಂಥ ಜಾಹೀರಾತುಗಳಿಗೇ. ಆದರೆ ‘ಆಂಟಿಆಕ್ಸಿಡೆಂಟ್ ತುಂಬಿದೆ’ ಅನ್ನೋದರಲ್ಲಿ ಯಾವ ರೋಗದ ಹೆಸರೂ ಇಲ್ಲ, ಹಾಗಾಗಿ ಆ ಪಟ್ಟಿಗೆ ಅದು ಸಿಕ್ಕಿಬೀಳಲ್ಲ.