ಋಣವೂ ರಾಜಕಂಠಿಕೆಯೂ

ಛಂದಸ್ಸನ್ನು ಪಾಠ ಹೇಳುವವನು ತನಗೆ ಗಣಿತದ ಗಂಧವಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಗಣ, ಗಣನೆ, ಗಣಿತ ಇವು ಮೂರೂ ಒಂದೇ ಮನೆತನದ ಮಾತುಗಳು. ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವ ವಿದ್ಯಾರ್ಥಿಯು ತಿಳಿದೋ ತಿಳಿಯದೆಯೋ ಲೆಕ್ಕವನ್ನೇ ಮಾಡುತ್ತಿರುತ್ತಾನೆ. ಆದರೂ ಕನ್ನಡ ಐಚ್ಛಿಕದ ತರಗತಿಗೆ ವರ್ಷವರ್ಷವೂ ಬರುವವರಲ್ಲಿ ಹಲವರು, 'ಸದ್ಯ, ಲೆಕ್ಕದ ಕಾಟ ತಪ್ಪಿತಲ್ಲ' ಎಂಬ ನೆಮ್ಮದಿಯಿಂದಲೇ ಬಂದಿರುತ್ತಾರೆ. ಅವರ ಮುಂದೆ ನಾನು ಒಂದು ಸಣ್ಣ ಪ್ರಶ್ನೆಯನ್ನು ಇಡುವುದುಂಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಾಗಿ ಕಟ್ಟಬಹುದು?

ಎರಡೂ ಗುರುವಾದರೆ ಒಂದು ಬಗೆ. ಒಂದು ಗುರು, ಎರಡು ಲಘುವಾದರೆ, ಗುರುವು ಮೊದಲಲ್ಲಿ, ನಡುವೆ ಅಥವಾ ಕೊನೆಯಲ್ಲಿ ನಿಂತು ಮೂರು ಬಗೆ. ನಾಲ್ಕೂ ಲಘುವಾದರೆ ಮತ್ತೊಂದು. ಒಟ್ಟು ಐದು. ಇದೇ ರೀತಿ ಮೂರು ಮಾತ್ರೆಗೆ ಮೂರು ಬಗೆ, ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು. ಹಿಂದಿನೆರಡನ್ನು ಕೂಡಿದರೆ ಮುಂದಿನದು ಸಿಕ್ಕುತ್ತದೆ. ಇದರ ಕಾರಣ ಬಹು ಸರಳ. ಗಣದ ಕೊನೆಯ ಅಕ್ಷರ ಲಘುವಾಗಿರಬೇಕು, ಇಲ್ಲವೆ ಗುರುವಾಗಿರಬೇಕು. ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆಗಳಿಗೆ ಎಡೆಯುಂಟು, ಅದಕ್ಕೆ ಐದು ಬಗೆ. ಗುರುವಿನಲ್ಲಿ ಮುಗಿದರೆ ಮೂರು ಮಾತ್ರೆಗಳಿಗೆ ಎಡೆ, ಅದಕ್ಕೆ ಮೂರು ಬಗೆ. ಪ್ರಾಕೃತ ಛಂದಸ್ಸನ್ನು ಕುರಿತು ಬರೆದ ವಿರಹಾಂಕನಿಗೂ, ಸುಮಾರು ೧೧೫೦ರಲ್ಲಿ ಗುಜರಾತಿನ ಹೇಮಚಂದ್ರನಿಗೂ ಈ ಸರಣಿ ತಿಳಿದಿತ್ತು. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ೧೨೦೨ರಲ್ಲಿ ಮೊಲದ ಮರಿಗಳನ್ನು ಎಣಿಸುತ್ತ ಇದೇ ಸರಣಿಗೆ ಬಂದ. ಜಗತ್ತು ಇದನ್ನು ಅವನ ಅಡ್ಡಹೆಸರಿನಿಂದ ಫಿಬೊನಾಚಿ ಸಂಖ್ಯೆಗಳೆಂದು ಕರೆಯುತ್ತದೆ. ಮೊಲಗಳ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಲಘುಗುರುಗಳು ಮೊದಲು ಎಣಿಸಿಕೊಂಡವು ಎಂಬುದನ್ನು ಛಂದಸ್ಸಿನ ತರಗತಿಯಲ್ಲಾದರೂ ಹೇಳಬೇಡವೆ?

ಮೂರು ನಾಲ್ಕು ಮಾತ್ರೆಗಳ ಗಣ ಸೇರಿ ಭಾಮಿನಿ, ಐದರ ಗಣಗಳಿಂದ ವಾರ್ಧಕ. ಷಟ್ಪದಿಯ ಕವಿ ಮಾತ್ರ ಸಾಧ್ಯವಾದ ಬಗೆಗಳನ್ನೆಲ್ಲ ಒಪ್ಪುವುದಿಲ್ಲ. ಗಣದ ಮೊದಲಲ್ಲಿ ಲಘುವಿನ ಬೆನ್ನಿಗೇ ಗುರು ಬಂದರೆ ನಡೆ ಮುಗ್ಗರಿಸುತ್ತದೆಂದು ಅದನ್ನು ಬಿಡುತ್ತಾನೆ. ಹಾಗೆ ಬಿಟ್ಟರೆ ಮೂರು ಮಾತ್ರೆಗೆ ಉಳಿಯುವುದು ಎರಡು, ನಾಲ್ಕಕ್ಕೆ ನಾಲ್ಕು, ಐದಕ್ಕೆ ಆರು. ಆರು ಮಾತ್ರೆಗೆ? ಎಂಟು ಎಂದು ತರಗತಿಯೆಲ್ಲ ಕೂಗುತ್ತದೆ. ಅದು ಹತ್ತು. ಮೊದಲ ಲಘುಗುರು ಮೂರು ಮಾತ್ರೆಯನ್ನು ನುಂಗಿದರೆ ಉಳಿದ ಮೂರನ್ನು ಮೂರು ಬಗೆಯಲ್ಲಿ ತುಂಬಬಹುದು; ಹದಿಮೂರರಲ್ಲಿ ಆ ಮೂರು ಕಳೆಯಬೇಕು. ಲೆಕ್ಕ ಬೇಡವೆಂದು ಓಡಿಬಂದವರು ಈ ಎಂಟು ಹತ್ತುಗಳ ಜಗಳದಲ್ಲಿ ಗಂಟೆ ಹೊಡೆದದ್ದನ್ನೂ ಮರೆಯುವುದನ್ನು ನಾನು ಕಂಡಿದ್ದೇನೆ.

ನಾನು ಗಣಿತಜ್ಞನಲ್ಲ. ಆ ಶಾಸ್ತ್ರದ ಎತ್ತರದ ಮಹಡಿಗಳಿಗೆ ಏರಲು ನನಗೆ ಮೆಟ್ಟಿಲು ತಿಳಿಯದು. ಆದರೆ ಜಗಲಿಯ ಮೇಲೆ ಕುಳಿತುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಾವ್ಯವನ್ನು ಸವಿಯಬೇಕಾದರೆ ಕವಿಯಾಗಿರಬೇಕೆಂದು ನಾವು ಯಾರಿಗೂ ವಿಧಿಸಿಲ್ಲವಷ್ಟೆ. ನನ್ನಂಥವನಿಗೆ ಈ ಜಗಲಿಯ ಮೇಲೆ ಸಿಕ್ಕುವ ಮೊದಲ ಆತಿಥ್ಯವೆಂದರೆ ಅಲ್ಲಿಯ ಮಾತುಗಳು. ಅವು ಬರಿಯ ಹೆಸರುಗಳಲ್ಲ. ಒಂದೊಂದರ ಒಳಗೂ ಯಾರೋ ಒಮ್ಮೆ ಕಂಡದ್ದು ಮಡಿಸಿ ಇಟ್ಟಂತಿದೆ.

'ಋಣ' ಎಂಬ ಮಾತನ್ನೇ ನೋಡಿ. ಸೊನ್ನೆಗಿಂತ ಕಡಮೆಯಾದ ಸಂಖ್ಯೆಗೆ ನಮ್ಮವರು ಸಾಲವೆಂದೂ, ಹೆಚ್ಚಾದುದಕ್ಕೆ ಧನವೆಂದೂ ಹೆಸರಿಟ್ಟರು. ಕ್ರಿ.ಶ. ೬೨೮ರಲ್ಲಿ ಬ್ರಹ್ಮಗುಪ್ತನು ಋಣಧನಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕ್ರಮವಾಗಿ ಬರೆದಿಟ್ಟ. ಯೂರೋಪಿನ ಪಂಡಿತರಲ್ಲಿ ಕೆಲವರು ಹದಿನೆಂಟನೆಯ ಶತಮಾನದಲ್ಲಿಯೂ ಇಂಥ ಸಂಖ್ಯೆಗಳನ್ನು ಅಸಂಬದ್ಧವೆಂದು ದೂರವಿಟ್ಟಿದ್ದರು. ಸಾಲವೆಂಬುದು ಅಸಂಬದ್ಧವೆಂದು ಸಾಲ ಮಾಡಿದ ಯಾವ ರೈತನೂ ಹೇಳಲಾರ! ನಮ್ಮ ಮಕ್ಕಳು 'ಮೈನಸ್ ಇಂಟು ಮೈನಸ್ ಪ್ಲಸ್' ಎಂದು ಮಂತ್ರದಂತೆ ಉರು ಹೊಡೆಯುತ್ತಾರೆ. ಏಕೆಂದು ಕೇಳಿದರೆ ಮೌನ. ಐದೈದು ರೂಪಾಯಿಯ ಮೂರು ಸಾಲಗಳನ್ನು ಸಾಹುಕಾರನು ಮನ್ನಾ ಮಾಡಿದನೆನ್ನಿ. ಸಾಲಗಾರನ ಸ್ಥಿತಿ ಹದಿನೈದು ರೂಪಾಯಿಯಷ್ಟು ಮೇಲಾಯಿತು. ಮೂರು ಋಣಗಳನ್ನು ಕಳೆದುದರ ಫಲ ಧನ. ಮಾತೇ ಅರ್ಧ ಪಾಠವನ್ನು ಮಾಡಿ ಮುಗಿಸಿತು. ಋಣಾನುಬಂಧ, ಋಣ ಹರಿಯಿತು ಎನ್ನುವ ಭಾಷೆಯಲ್ಲಿ ಬೆಳೆದ ಹುಡುಗನಿಗೆ ಈ ನಿಯಮ ಹೊರಗಿನದಾಗಬೇಕಾದ ಕಾರಣವೇ ಇಲ್ಲ.

ಇನ್ನು ಬರಿಯ ಸೊಗಸಿಗಾಗಿ ಇಟ್ಟ ಹೆಸರುಗಳೂ ಉಂಟು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ. ಕನ್ನಡಕ್ಕೆ 'ಕವಿರಾಜಮಾರ್ಗ'ವನ್ನು ಕೊಟ್ಟ ಆಸ್ಥಾನವೂ ಅದೇ. ನಾವು ಒಂದನ್ನು ಪಠ್ಯವಾಗಿ ಓದಿ ಇನ್ನೊಂದರ ಹೆಸರನ್ನು ಪರೀಕ್ಷೆಗಾಗಿ ನೆನಪಿಡುತ್ತೇವೆ. ಗ್ರಂಥದ ಮೊದಲಲ್ಲಿ ಆತ ಗಣಿತವು ಎಲ್ಲೆಲ್ಲಿ ಬೇಕೆಂದು ಎಣಿಸುತ್ತ ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಜೊತೆಗೆ ಅಡುಗೆಯ ಶಾಸ್ತ್ರವನ್ನೂ, ಛಂದಸ್ಸು ಅಲಂಕಾರ ಕಾವ್ಯಗಳನ್ನೂ ಸೇರಿಸುತ್ತಾನೆ. ಆ ಪಟ್ಟಿಯಲ್ಲಿ ನಮ್ಮ ವಿಭಾಗಕ್ಕೂ ಜಾಗವಿದೆಯೆಂದು ನನಗೆ ಸಂತೋಷ.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಮಹಾವೀರ ಹುಡುಕಿ ಇಟ್ಟಿದ್ದಾನೆ. ಅಂಥದಕ್ಕೆ ಕೊರಳಹಾರವೆಂಬ ಅರ್ಥದಲ್ಲಿ 'ಕಂಠಿಕೆ' ಎಂದು ಹೆಸರು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧; ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಮಣಿಗಳ ಸಾಲು. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ಎರಡು ತುದಿಗೆ ಎರಡು ಒಂದು, ನಡುವೆ ಎಂಟು ಸೊನ್ನೆಯ ಮುತ್ತುಗಳು, ಇದು ರಾಜಕಂಠಿಕೆ. ಇದರಿಂದ ಏನು ಪ್ರಯೋಜನವೆಂದು ಕೇಳುವವರು ಚಿತ್ರಕಾವ್ಯದ ಪ್ರಯೋಜನವನ್ನು ಮೊದಲು ಹೇಳಲಿ. ಕಾಗದ ಪೆನ್ಸಿಲು ಹಿಡಿದು ಒಮ್ಮೆ ಗುಣಿಸಿಯೇ ನೋಡಬೇಕು. ಯಂತ್ರದ ಗುಂಡಿಯೊತ್ತಿದವನಿಗೆ ಉತ್ತರ ಸಿಕ್ಕುತ್ತದೆ, ಸೊನ್ನೆಗಳು ಒಂದೊಂದಾಗಿ ಬಂದು ಕೂರುವ ಬೆರಗು ಸಿಕ್ಕುವುದಿಲ್ಲ. ಹಾಗೆಂದು ಆಚಾರ್ಯನು ಹೇಳಿದ್ದೆಲ್ಲ ಸರಿಯೆನ್ನಲಾಗದು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂಬ ಅವನ ಮಾತನ್ನು ಇಂದಿನ ಗಣಿತ ಒಪ್ಪುವುದಿಲ್ಲ.

ಸೊನ್ನೆಯ ಮಾತು ಬಂದುದರಿಂದ ಭಾಸ್ಕರಾಚಾರ್ಯನ ನೆನಪಾಗುತ್ತದೆ. ಹಳೆಯ ಶಾಸ್ತ್ರಕಾರರು ಅಂಕಿಗಳನ್ನು ಪದ್ಯದಲ್ಲಿ ಹೇಳುವಾಗ ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬಾಣವೆಂದರೆ ಐದು ಎಂದು ವಸ್ತುಗಳ ಹೆಸರನ್ನು ಬಳಸಿ, ಬಿಡಿಸ್ಥಾನದಿಂದ ತೊಡಗಿ ಹಿಂದುಹಿಂದಕ್ಕೆ ಹೇಳುತ್ತಿದ್ದರು. ಭಾಸ್ಕರನು ತಾನು ಹುಟ್ಟಿದ ಶಕವರ್ಷಕ್ಕೆ ರಸ, ಗುಣ, ಪೂರ್ಣ, ಮಹೀ ಎಂಬ ನಾಲ್ಕು ಪದಗಳನ್ನು ಬಳಸಿದ್ದಾನೆ. ಸಾಹಿತ್ಯದ ವಿದ್ಯಾರ್ಥಿ ರಸವೆಂದೊಡನೆ ಒಂಬತ್ತೆಂದು ಬರೆದು ಆಚಾರ್ಯನ ಜನನವನ್ನು ಮೂರು ವರ್ಷ ಮುಂದೂಡಿಬಿಟ್ಟಾನು! ಇಲ್ಲಿ ರಸವೆಂದರೆ ನಾಲಗೆಯ ಷಡ್ರಸ, ಆರು. ಗುಣ ಮೂರು. ಮಹೀ, ಭೂಮಿ ಒಂದೇ ಆದ್ದರಿಂದ ಒಂದು. ಶಕ ೧೦೩೬, ಅಂದರೆ ಕ್ರಿ.ಶ. ೧೧೧೪. ಉಳಿದದ್ದು ಪೂರ್ಣ, ಅದು ಸೊನ್ನೆ. ಶೂನ್ಯವೆಂದು ಬರಿದನ್ನು ಹೆಸರಿಸಿದವರೇ ಪೂರ್ಣವೆಂದು ತುಂಬಿದ್ದನ್ನೂ ಅದಕ್ಕೆ ಹೆಸರಾಗಿಟ್ಟರು. 'ಬಯಲು' ಎಂಬ ಮಾತನ್ನು ವಚನಗಳಲ್ಲಿ ಕೇಳಿದ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾತುಗಳ ಪ್ರಯಾಣದಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು 'ಸೈನ್'. ವೃತ್ತದ ಕಂಸ ಬಿಲ್ಲಿನಂತಿದೆಯೆಂದು ಅದಕ್ಕೆ ಚಾಪವೆಂದೂ, ತುದಿಗಳನ್ನು ಸೇರಿಸುವ ಗೆರೆಗೆ ಹೆದೆ ಎಂಬ ಅರ್ಥದ ಜ್ಯಾ ಅಥವಾ ಜೀವಾ ಎಂದೂ, ನಡುವಿನದಕ್ಕೆ ಶರವೆಂದೂ ನಮ್ಮವರು ಕರೆದರು. ಆ ಹೆದೆಯ ಅರ್ಧವೇ ಲೆಕ್ಕಕ್ಕೆ ಅನುಕೂಲವೆಂದು ಕಂಡುಕೊಂಡು ಅದಕ್ಕೂ ಕ್ರಮೇಣ ಜ್ಯಾ ಎಂದೇ ಹೇಳತೊಡಗಿದರು. ಅರಬ್ಬರು ಜೀವಾ ಎಂಬುದನ್ನು 'ಜೀಬ' ಎಂದು ಬರೆದುಕೊಂಡರು. ಸ್ವರಗಳನ್ನು ಬಿಟ್ಟು ಬರೆಯುವ ಆ ಲಿಪಿಯಲ್ಲಿ ಅದನ್ನು 'ಜೈಬ್' ಎಂದೂ ಓದಬಹುದು. ಜೈಬ್ ಎಂದರೆ ಉಡುಪಿನ ಎದೆಯ ಮಡಿಕೆ. ಹನ್ನೆರಡನೆಯ ಶತಮಾನದ ಲ್ಯಾಟಿನ್ ಭಾಷಾಂತರಕಾರರು ಹಾಗೆಯೇ ಓದಿ, ಮಡಿಕೆಯೆಂಬ ಅರ್ಥದ 'ಸೈನಸ್' ಎಂದು ಅನುವಾದಿಸಿದರು. ಹೆದೆ ಹೋಗಿ ಮಡಿಕೆಯಾಯಿತು. ಅದೇ ಮಾತು ಈಗ ಕನ್ನಡ ಮಾಧ್ಯಮದ ಶಾಲೆಗೂ ಸೈನ್ ಎಂದು ಬಂದು ಕುಳಿತಿದೆ. ತವರಿಗೆ ಬಂದ ಮಗಳನ್ನು ತವರಿನವರೇ ಗುರುತಿಸಲಿಲ್ಲ. ನಮ್ಮ ಕೋಟಿಜ್ಯೆಯನ್ನು 'ಕೋಜ್ಯಾ' ಎಂದು ಚಿಕ್ಕದಾಗಿ ಕರೆಯುವುದನ್ನು ಕಂಡು ಕೋಸೈನ್ ಕೂಡ ನಮ್ಮದೇ ಎಂದು ಕುಣಿಯುವವರಿದ್ದಾರೆ. ಅದು ಹಾಗಲ್ಲ, ಅಲ್ಲಿಯ 'ಕೋ' ಪೂರಕವೆಂಬ ಅರ್ಥದ ಲ್ಯಾಟಿನ್ ಮಾತಿನ ತುಂಡು. ಅಭಿಮಾನಕ್ಕೂ ವ್ಯುತ್ಪತ್ತಿಗೂ ನಡುವೆ ಬೇಲಿಯಿರುವುದು ಒಳ್ಳೆಯದು.

ಸೈನನ್ನು ಓಡಿಸಿ ಜ್ಯಾವನ್ನು ಕೂರಿಸಿ ಎಂದು ನಾನು ಹೇಳುತ್ತಿಲ್ಲ. ಲೋಕವೆಲ್ಲ ಒಪ್ಪಿದ ಸಂಕೇತಗಳನ್ನು ಕಲಿಯಲೇಬೇಕು. ಆದರೆ ಕನ್ನಡ ಪಠ್ಯಗಳಲ್ಲಿ ಉಳಿದಿರುವ ಮಾತುಗಳನ್ನಾದರೂ ನಾವು ಬಿಡಿಸಿ ತೋರಿಸುತ್ತಿದ್ದೇವೆಯೆ? 'ಅಭಾಗಲಬ್ಧ' ಎಂಬುದನ್ನು ಕೇಳಿ ಮಕ್ಕಳು ಬೆಚ್ಚುತ್ತಾರೆ. ಅ, ಭಾಗ, ಲಬ್ಧ. ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿ ಪಡೆಯಲಾಗದ್ದು. ಎರಡರ ವರ್ಗಮೂಲ ಅಂಥದು. ಬಿಡಿಸಿದೊಡನೆ ಪದವೇ ವ್ಯಾಖ್ಯೆಯಾಗಿ ನಿಲ್ಲುತ್ತದೆ. ಅಂಥ ಮೂಲಗಳಿಗೆ 'ಕಿವುಡು' ಎಂಬ ಅರ್ಥದ ಮಾತಿನಿಂದ ಬಂದ 'ಸರ್ಡ್' ಎಂಬ ಇಂಗ್ಲಿಷ್ ಹೆಸರು ಹಾಗೆ ನಿಲ್ಲದು. ಸಂಧಿಸಮಾಸಗಳನ್ನು ಕನ್ನಡದ ಮೇಷ್ಟರೂ, ಸಂಖ್ಯೆಗಳನ್ನು ಗಣಿತದ ಮೇಷ್ಟರೂ ಬೇರೆಬೇರೆ ಗಂಟೆಯಲ್ಲಿ ಕಲಿಸುವುದರಿಂದ ಈ ಪದ ಇಬ್ಬರ ನಡುವೆ ಬಿದ್ದುಹೋಗುತ್ತದೆ.

ಸಂಸ್ಕೃತವನ್ನು ಆಶ್ರಯಿಸದ ಮಾತುಗಳೂ ನಮ್ಮಲ್ಲಿ ಕಡಮೆಯಿಲ್ಲ. ನಾಲ್ಕರಲ್ಲೊಂದು ಪಾಲನ್ನು ನಾವು 'ಕಾಲು' ಎನ್ನುತ್ತೇವೆ. ಕೊಟ್ಟಿಗೆಯ ಹಸುವಿಗೆ ನಾಲ್ಕು ಕಾಲಲ್ಲವೆ? ಮೂರು ಸೇರಿ ಮುಕ್ಕಾಲು. ಹದಿನಾರರಲ್ಲೊಂದು ವೀಸ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ರಚಿಸಿದ. ಅವನ ಹೆಸರಿನಲ್ಲಿರುವ ಇನ್ನೊಂದು ಕೃತಿ 'ಚಿತ್ರಹಸುಗೆ'. ಹಸುಗೆ ಎಂದರೆ ಹಂಚಿಕೆ, ಪಾಲು ಮಾಡುವುದು. ಇಂದು ನಾವು ಭಾಗಾಕಾರವೆನ್ನುತ್ತೇವೆ. ಹಸುಗೆಯನ್ನು ನಿಘಂಟಿನಲ್ಲಿ ಹುಡುಕಬೇಕು. ಹೋದ ವಾರ ತರಗತಿಯಲ್ಲಿ ಈ ಹೆಸರನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಅದು ಕಾವ್ಯವೆ?" ಎಂದು ಕೇಳಿದಳು. ಲೆಕ್ಕದ ಪುಸ್ತಕವೆಂದೆ. ಗ್ರಂಥಾಲಯದಲ್ಲಿ ಸಿಕ್ಕುತ್ತದೆಯೇ ಎಂಬುದು ಅವಳ ಮುಂದಿನ ಪ್ರಶ್ನೆ.