ನಾಝಲ್‌ನಲ್ಲಿ ಸಿಕ್ಕಿಕೊಂಡ ನನ್ನ ರಾಗಿಹಿಟ್ಟು

ಕಳೆದ ವರ್ಷ ನಾನು ಮಾರಿದ್ದ 50 ಕೆ.ಜಿ. ಸಾವಯವ ರಾಗಿಹಿಟ್ಟು ವಾಪಸ್ ಬಂತು. ಕೊಂಡವರು ಬೆಂಗಳೂರಿನ ಚಿಕ್ಕ ಕಂಪನಿಯವರು. ತ್ರೀಡಿ ಪ್ರಿಂಟರ್‌ನಲ್ಲಿ ಬಿಸ್ಕತ್ತು ಮಾಡ್ತಾರೆ. ಕಂಪ್ಯೂಟರ್ ಹೇಳಿದ ಆಕಾರಕ್ಕೆ ಹಿಟ್ಟಿನ ಎಳೆಯನ್ನು ಪದರದ ಮೇಲೆ ಪದರವಾಗಿ ಇಡೋ ಯಂತ್ರ ಅದು. "ನಿಮ್ಮ ಹಿಟ್ಟಿಗೆ ನಾಝಲ್ ಕಟ್ಕೊಳ್ತಿದೆ" ಅಂದ್ರು. ಮೂಟೆ ಇಳಿಸುವಾಗ ಅಮ್ಮ ಕೇಳಿದ್ರು, "ನಮ್ಮ ಚಕ್ಕುಲಿ ಒರಳೂ ಇದೇ ಕೆಲಸ ಮಾಡೋದಲ್ವೇನೋ?"

ಹೌದು, ಅದೇ ಕೆಲಸ. ಒತ್ತಿದಾಗ ಹಿಟ್ಟು ಸಲೀಸಾಗಿ ಹರಿಯಬೇಕು, ಹೊರಬಂದ ಮೇಲೆ ಇಟ್ಟಲ್ಲೇ ನಿಲ್ಲಬೇಕು. ಗೋಧಿಯಲ್ಲಿ ಗ್ಲುಟೆನ್ ಇರೋದರಿಂದ ಎಳೆ ಜಗ್ಗುತ್ತೆ. ರಾಗಿಯಲ್ಲಿ ಅದಿಲ್ಲ, ಹಾಗಾಗಿ ಎಳೆ ತುಂಡಾಗುತ್ತೆ.

ಸರಿಮಾಡಬೇಕಾದ್ದು ಮೂರು.

ಮೊದಲನೆಯದು ನುಣುಪು. ಅವರ ನಾಝಲ್ ತೂತು 1.5 ಮಿ.ಮೀ. ರಾಗಿ ಸಿಪ್ಪೆಯ ತರಿ ಒಂದೆರಡು ಸೇರಿದರೂ ಸ್ಪ್ರೇಯರ್ ಕಟ್ಟಿಕೊಂಡ ಹಾಗೇ. ಎರಡು ಸಲ ಬೀಸಿಸಿ, ಮೈದಾ ಜರಡಿಯಲ್ಲಿ ಹಿಡೀರಿ.

ಎರಡನೆಯದು ಅಂಟು. ಸ್ವಲ್ಪ ಹಿಟ್ಟನ್ನು ಕುದಿಯೋ ನೀರಲ್ಲಿ ಬೇಯಿಸಿ ಉಳಿದದ್ದಕ್ಕೆ ಕಲಸಿದರೆ, ಬೆಂದ ಪಿಷ್ಟ ಹಿಡಿತ ಕೊಡುತ್ತೆ. ರೊಟ್ಟಿಗೆ ಬಿಸಿನೀರು ಹಾಕೋದೂ ಇದಕ್ಕೇ. ಕಂಪನಿಗಳು ಗೌರ್ ಗಮ್ ಕೂಡ ಬಳಸ್ತವೆ. ಅದು ನಮ್ಮ ಗೋರಿಕಾಯಿ ಬೀಜದ್ದೇ.

ಮೂರನೆಯದು ಜಿಡ್ಡು. ಬೆಣ್ಣೆ ಇದ್ದರೆ ಹಿಟ್ಟು ಜಾರಿ ಬರುತ್ತೆ. ಜಾಸ್ತಿಯಾದರೆ ಒಲೆಯ ಬಿಸಿಗೆ ಆಕಾರವೇ ಕುಸಿಯುತ್ತೆ.

ಪರೀಕ್ಷೆಗೆ ಪ್ರಿಂಟರ್ ಬೇಡ. ಸೂಜಿ ಇಲ್ಲದ ಹೊಸ ಸಿರಿಂಜ್‌ಗೆ ಹಿಟ್ಟು ತುಂಬಿ, ತಟ್ಟೆ ಮೇಲೆ ಒಂದರ ಮೇಲೊಂದು ಐದು ಬಳೆ ಹಾಕಿ. ಎಳೆ ತುಂಡಾದರೆ ನೀರು ಅಥವಾ ಅಂಟು ಸಾಲದು. ಬಳೆ ಹರಡಿಕೊಂಡರೆ ನೀರು ಹೆಚ್ಚು. ನಡುವೆ ತಡೆದು ಚಿಮ್ಮಿದರೆ ಜರಡಿ ಸರಿಯಿಲ್ಲ.

ಇದು ಬರೀ ಶೋಕಿ ಅಂದ್ಕೋಬೇಡಿ. ತಂಜಾವೂರಿನ ಕೇಂದ್ರ ಸರ್ಕಾರದ ಆಹಾರ ತಂತ್ರಜ್ಞಾನ ಸಂಸ್ಥೆಯವರು ಊದಲು, ಹೆಸರುಕಾಳು, ಹುರಿಗಡಲೆ ಹಿಟ್ಟಿನಿಂದ ತಿಂಡಿ ಪ್ರಿಂಟ್ ಮಾಡಿ ತೋರಿಸಿದ್ದಾರೆ.

ಮುಂದಿನ ಸಲ ಒಂದೇ ಹೊಲದ ರಾಗಿಯನ್ನು ಚೆನ್ನಾಗಿ ಒಣಗಿಸಿ, ಬೀಸಿಸಿ, 5 ಕೆ.ಜಿ. ಮಾದರಿ ಕಳಿಸಿದೆ. ಜೊತೆಗೆ ಒಂದು ಚೀಟಿ: ಯಾವಾಗ ಕೊಯ್ದದ್ದು, ಯಾವಾಗ ಬೀಸಿಸಿದ್ದು, ಕೆ.ಜಿ.ಗೆ ಎಷ್ಟು ನೀರು ಹಿಡೀತು. ಹಿಟ್ಟು ಪಾಸಾಯ್ತು. ಆಮೇಲೆ ಅವರು ಮೊದಲು ಕೇಳಿದ್ದು ಇನ್ನೊಂದು ಮೂಟೆ ಅಲ್ಲ, "ಪ್ರತಿ ಸಲ ಹೀಗೇ ಕೊಡ್ತೀರಾ?" ಅಂತ. ಸಾವಯವ ಅನ್ನೋ ಮಾತು ಒಂದು ಸಲ ಮಾರಿಸುತ್ತೆ. ಎರಡನೇ ಆರ್ಡರ್ ತರೋದು ಆ ಚೀಟಿ.